ಮಕ್ಕಳೊಂದಿಗೆ ಕರಾವಳಿಗೆ: ಯಾವ ತಿಂಗಳು, ಯಾವ ತೀರ, ಎಷ್ಟು ನೀರಿನವರೆಗೆ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕಡೆ. ಮನೆಯಲ್ಲಿ ಎಪ್ಪತ್ತು ದಾಟಿದ ಅವ್ವ, ನಾನು, ನನ್ನ ಪತ್ನಿ, ತಮ್ಮ, ಹದಿಮೂರು ವರ್ಷದ ಮಗಳು ಮತ್ತು ಎಂಟು ವರ್ಷದ ಮಗ ಇದ್ದೇವೆ. ಮಕ್ಕಳು ಇದುವರೆಗೆ ಸಮುದ್ರ ನೋಡಿಲ್ಲ. ಗೋಕರ್ಣ, ಮುರುಡೇಶ್ವರ, ಮಲ್ಪೆಗಳನ್ನು ನಾಲ್ಕೈದು ದಿನ ಸುತ್ತಬೇಕು, ದೊಡ್ಡ ಹೋಟೆಲಿನ ಬದಲು ಕುಂದಾಪುರದ ಕಡೆ ಮೀನುಗಾರರ ಊರಿನಲ್ಲೇ ಹೋಂಸ್ಟೇ ಹಿಡಿದು ಉಳಿಯಬೇಕು ಎಂಬ ಆಸೆ. ಮೇ ಕೊನೆಗೆ ಹೋಗುವುದೋ, ಜೂನ್‌ನಲ್ಲಿ ಮಳೆ ನೋಡಲು ಹೋಗುವುದೋ, ದಸರಾ ರಜೆಗೆ ಬಿಡುವುದೋ ತೀರ್ಮಾನವಾಗಿಲ್ಲ. ಅಮಾವಾಸ್ಯೆ, ಹುಣ್ಣಿಮೆ ತಪ್ಪಿಸಿದರೆ ಸಾಕೆಂದು ಅವ್ವ ಹೇಳುತ್ತಾರೆ. ಮೊಣಕಾಲುದ್ದದ ನೀರಿನಲ್ಲಿ ಏನೂ ಆಗುವುದಿಲ್ಲ ಎಂಬುದು ತಮ್ಮನ ವಾದ. ಅವನು ತುಂಗಭದ್ರೆಯಲ್ಲಿ ಈಜಿ ಬೆಳೆದವನು. ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ತೀರಿಕೊಂಡ ಸುದ್ದಿ ಓದಿದಂದಿನಿಂದ ನನ್ನ ಪತ್ನಿಗೆ ಮಾತ್ರ ಈ ಪ್ರವಾಸವೇ ಬೇಡವೆನಿಸಿದೆ. ಮೀನುಗಾರಿಕೆ ನಿಷೇಧದ ತಿಂಗಳುಗಳಲ್ಲಿ ಸಿಗುವ ಮೀನು ಹಳೆಯದೇ? ಮೀನುಗಾರರ ಊರಿನಲ್ಲಿ ನಾವು ಹೇಗಿರಬೇಕು? ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವೆಲ್ಲದರ ಹಿಂದಿರುವ ಚಿಂತೆ ಒಂದೇ: ಮೊದಲ ಬಾರಿ ಕಡಲು ನೋಡುವ ಮಕ್ಕಳನ್ನು ನೀರಿಗೆ ಬಿಡಬಹುದೇ, ಬಿಟ್ಟರೆ ಯಾವಾಗ ಮತ್ತು ಎಲ್ಲಿ. ಬಿಡಬಹುದು. ಸರಿಯಾದ ತಿಂಗಳು, ಜೀವರಕ್ಷಕರಿರುವ ತೀರ, ಬೆಳಗಿನ ಹೊತ್ತು ಮತ್ತು ಕೈಗೆಟಕುವ ದೂರದಲ್ಲಿ ಒಬ್ಬ ದೊಡ್ಡವರು, ಇಷ್ಟಿದ್ದರೆ ಎಂಟು ವರ್ಷದ ಮಗುವೂ ಅಲೆಯೊಡನೆ ಆಡಿ ನಲಿಯಬಹುದು. ನಿಮ್ಮ ಪತ್ನಿಯ ಭಯಕ್ಕೆ ಕಾರಣವಿದೆ, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ ಭಯ ಪ್ರವಾಸವನ್ನು ಕೈಬಿಡುವುದಕ್ಕಿಂತ, ಅದನ್ನು ಸರಿಯಾಗಿ ಯೋಜಿಸುವುದಕ್ಕೆ ನೆರವಾಗಲಿ ಎಂದು ನನ್ನ ಕೋರಿಕೆ. ಜೀವರಕ್ಷಕರಿಗೆ ತರಬೇತಿ ಕೊಡುವ ನನ್ನ ವೃತ್ತಿಯಲ್ಲಿ ಮತ್ತೆ ಮತ್ತೆ ಕಾಣುವುದೇನೆಂದರೆ, ನೀರಿನಿಂದ ಎತ್ತಿ ತಂದವರಲ್ಲಿ ಬಹುಪಾಲು ಜನ ಘಟ್ಟದ ಮೇಲಿನ ಊರುಗಳಿಂದ ಬಂದವರು, ಹಲವರಿಗೆ ಈಜು ಚೆನ್ನಾಗಿ ಗೊತ್ತು. ಅವರನ್ನು ಹುಂಬರೆಂದು ಕರೆಯುವುದು ಅನ್ಯಾಯ. ಕೆರೆ, ಹೊಳೆಗಳ ಲೆಕ್ಕವನ್ನೇ ಅವರು ಕಡಲಿಗೂ ಹಚ್ಚಿದ್ದರು, ಅಷ್ಟೇ.

ಮೊದಲು ಅಮಾವಾಸ್ಯೆ, ಹುಣ್ಣಿಮೆಯ ಮಾತು. ನಿಮ್ಮ ಅವ್ವ ಹೇಳುವುದರಲ್ಲಿ ನಿಜವಿದೆ. ಚಂದ್ರ, ಸೂರ್ಯರ ಸೆಳೆತ ಒಂದೇ ಸಾಲಿಗೆ ಬರುವ ಆ ದಿನಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಮೇಲೇರುತ್ತದೆ, ಇಳಿತವೂ ಹೆಚ್ಚು ಕೆಳಗಿಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಈ ಏರಿಳಿತ ಸುಮಾರು ಒಂದೂವರೆ ಮೀಟರ್, ಕಾರವಾರದ ಕಡೆ ಇನ್ನೂ ಸ್ವಲ್ಪ ಹೆಚ್ಚು. ಆದರೆ ಉಳಿದ ದಿನಗಳಲ್ಲಿ ಕಡಲು ನಿರಪಾಯ ಎಂಬ ತೀರ್ಮಾನಕ್ಕೆ ಇದರಿಂದ ಬರಲಾಗದು. ನೀವು ಹೇಳಿದ ಮುರುಡೇಶ್ವರದ ದುರಂತ ನಡೆದದ್ದು 2024ರ ಡಿಸೆಂಬರ್ 10ರಂದು. ಅಮಾವಾಸ್ಯೆ ಕಳೆದು ವಾರ ಮೀರಿತ್ತು, ಹುಣ್ಣಿಮೆಗೆ ಇನ್ನೂ ಐದು ದಿನವಿತ್ತು, ಮಳೆಗಾಲವಂತೂ ಮುಗಿದು ಹೋಗಿತ್ತು. ಪಂಚಾಂಗ ನೋಡಿ ನೀರಿಗಿಳಿಯುವವರಿಗೂ, ಮಳೆಗಾಲ ಕಳೆದರೆ ಸಾಕೆನ್ನುವವರಿಗೂ ಆ ದಿನದಲ್ಲಿ ಯಾವ ಎಚ್ಚರಿಕೆಯೂ ಕಾಣುತ್ತಿರಲಿಲ್ಲ.

ನಿಮ್ಮ ತಮ್ಮನ ಮೊಣಕಾಲಿನ ಲೆಕ್ಕಕ್ಕೆ ಬರೋಣ, ಏಕೆಂದರೆ ಹೆಚ್ಚು ಜನರನ್ನು ಅಪಾಯಕ್ಕೆ ದೂಡುವ ನಂಬಿಕೆ ಇದೇ. ಸಮುದ್ರದಲ್ಲಿ ನೀರಿನ ಆಳಕ್ಕಿಂತ ನೀರಿನ ಓಟ ಮುಖ್ಯ. ಅಲೆಗಳು ಒಂದರ ಹಿಂದೊಂದು ನೀರನ್ನು ದಡಕ್ಕೆ ತಂದು ಸುರಿಯುತ್ತಲೇ ಇರುತ್ತವೆ. ಹಾಗೆ ಸೇರಿದ ನೀರು ಎಲ್ಲಾದರೂ ಹಿಂದಕ್ಕೆ ಹೋಗಲೇಬೇಕು. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಉದ್ದಕ್ಕೆ ಮರಳಿನ ದಿಬ್ಬ ಬೆಳೆದಿರುತ್ತದೆ. ಆ ದಿಬ್ಬ ಎಲ್ಲಿ ತಗ್ಗಾಗಿದೆಯೋ ಅಲ್ಲಿಂದ, ಗದ್ದೆಯ ಬದು ಒಡೆದಲ್ಲಿ ನೀರೆಲ್ಲ ನುಗ್ಗುವಂತೆ, ಅದು ಒಟ್ಟಾಗಿ ಕಡಲಿನತ್ತ ಓಡುತ್ತದೆ. ಜೀವರಕ್ಷಕರು ರಿಪ್ ಕರೆಂಟ್ ಎನ್ನುವುದು ಈ ಸೆಳೆತಕ್ಕೇ. ಬಲವಾದ ಸೆಳೆತದ ವೇಗ ಸೆಕೆಂಡಿಗೆ 2 ಮೀಟರ್‌ವರೆಗೂ ಹೋಗಬಲ್ಲದು. ಆ ವೇಗಕ್ಕೆದುರಾಗಿ ಒಲಿಂಪಿಕ್ ಈಜುಗಾರರೂ ಹೆಚ್ಚು ಹೊತ್ತು ಈಜಲಾರರು.

ಇದರಲ್ಲಿ ಅತ್ಯಂತ ಮೋಸದ ಸಂಗತಿ ಅದರ ನೋಟ. ಅಲೆಗಳು ಬಿಳಿನೊರೆಯಾಗಿ ಒಡೆಯುವ ಜಾಗ ಹೊಸಬರಿಗೆ ಭಯ ಹುಟ್ಟಿಸುತ್ತದೆ, ಎರಡು ನೊರೆಪಟ್ಟಿಗಳ ನಡುವೆ ಅಲೆಯೇ ಒಡೆಯದೆ ಕಪ್ಪಗೆ, ಶಾಂತವಾಗಿ ಕಾಣುವ ಓಣಿಯಂತಹ ಜಾಗ ಮಕ್ಕಳಿಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ವಾಸ್ತವದಲ್ಲಿ ನೊರೆ ಇರುವಲ್ಲಿ ನೀರಿನ ಆಳ ಕಡಿಮೆ; ಆ ಶಾಂತ ಓಣಿಯೇ ನೀರು ಹೊರಗೆ ಓಡುವ ದಾರಿ. ದಡದ ಎತ್ತರದಲ್ಲಿ ಐದು ನಿಮಿಷ ನಿಂತು ನೋಡಿದರೆ ಆ ಓಣಿಯಲ್ಲಿ ಕದಡಿದ ಮರಳು, ನೊರೆಯ ಚೂರುಗಳು, ಒಂದೊಂದು ಎಲೆ ಕಡಲಿನ ಕಡೆಗೇ ಸಾಗುವುದು ಕಣ್ಣಿಗೆ ಬೀಳುತ್ತದೆ. ಯಾವ ತೀರಕ್ಕೆ ಹೋದರೂ ಚಪ್ಪಲಿ ಬಿಡುವ ಮುನ್ನ ಈ ಐದು ನಿಮಿಷವನ್ನು ಖಂಡಿತ ಕೊಡಿ.

ಇನ್ನು ಮೊಣಕಾಲುದ್ದದ ನೀರು ಎಂಬುದು ಒಂದೇ ಕಡೆ ನಿಲ್ಲುವ ಅಳತೆಯಲ್ಲ. ನಿಮ್ಮ ತಮ್ಮನ ಮೊಣಕಾಲಿಗೆ ಬರುವ ನೀರು ನಿಮ್ಮ ಮಗನ ತೊಡೆಗೆ ಬರುತ್ತದೆ, ಮುಂದಿನ ಅಲೆ ಅದನ್ನು ಎದೆಗೆ ತರುತ್ತದೆ. ಅಲೆ ಹಿಂದೆ ಸರಿಯುವಾಗ ಹಿಮ್ಮಡಿಯ ಕೆಳಗಿನ ಮರಳು ಜರಜರನೆ ಜಾರಿ ಪಾದ ಹೂತುಕೊಳ್ಳುವುದು ನಿಮಗೂ ಅನುಭವಕ್ಕೆ ಬರುತ್ತದೆ. ದೊಡ್ಡವರು ಒಂದು ಹೆಜ್ಜೆ ಹಾಕಿ ಸಾವರಿಸಿಕೊಂಡರೆ, ಹಗುರವಾದ ಮಗು ಅಲ್ಲೇ ಕುಸಿದು ಕುಳಿತು, ಏಳುವಷ್ಟರಲ್ಲಿ ನೀರಿನೊಡನೆ ನಾಲ್ಕಡಿ ಹೊರಗೆ ಹೋಗಿರುತ್ತದೆ.

ತಮ್ಮನಿಗೆ ಒಂದು ಮಾತನ್ನು ಮುಖ್ಯವಾಗಿ ತಿಳಿಸಿ. ಹೊಳೆಯಲ್ಲಿ ಈಜಿದವರಿಗೆ ದಿಗಿಲಾದಾಗ ದಡವನ್ನೇ ನೋಡುತ್ತ ನೇರವಾಗಿ ಅದರತ್ತ ಈಜುವ ಅಭ್ಯಾಸವಿರುತ್ತದೆ. ಸೆಳೆತದಲ್ಲಿ ಹಾಗೆ ಮಾಡಿದರೆ ಇದ್ದಲ್ಲೇ ಕೈಕಾಲು ಬಡಿದು ದಣಿಯುತ್ತೇವೆ, ಜೀವ ತೆಗೆಯುವುದು ಆ ದಣಿವು. ಸೆಳೆತ ಯಾರನ್ನೂ ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ; ಅಲೆ ಒಡೆಯುವ ಸಾಲನ್ನು ದಾಟಿದ ಮೇಲೆ ಸಾಮಾನ್ಯವಾಗಿ ಅದರ ಬಲವೂ ಕುಂದುತ್ತದೆ. ಉಪ್ಪುನೀರು ದೇಹವನ್ನು ಸಿಹಿನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಆದ್ದರಿಂದ ಸಿಕ್ಕಿಬಿದ್ದವರು ಅಂಗಾತ ತೇಲಿ, ಒಂದು ಕೈ ಮೇಲೆತ್ತಿ ಸಹಾಯ ಕೇಳಬೇಕು. ಈಜಬಲ್ಲವರಾದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಿ, ಅಲ್ಲಿಂದ ಅಲೆಗಳೊಡನೆ ದಡಕ್ಕೆ ಬರಬೇಕು.

ಸೆಳೆತ ಎಲ್ಲಿಯಾದರೂ ಹುಟ್ಟಬಹುದು, ಆದರೆ ಕೆಲವು ಜಾಗಗಳಲ್ಲಿ ಅದು ಕಾಯಂ ಎನ್ನಬೇಕು. ಗೋಕರ್ಣ, ಮುರುಡೇಶ್ವರಗಳಂತೆ ಕಲ್ಲಿನ ಗುಡ್ಡ ಕಡಲೊಳಕ್ಕೆ ಚಾಚಿರುವಲ್ಲಿ ಬಂಡೆಯ ಮಗ್ಗುಲಲ್ಲೇ ನೀರು ಹೊರಗೆ ಹರಿಯುತ್ತದೆ. ಕಡಲ್ಕೊರೆತ ತಡೆಯಲೆಂದು ಸಮುದ್ರದೊಳಕ್ಕೆ ಕಟ್ಟಿದ ಕಲ್ಲಿನ ದಂಡೆಗಳ ಪಕ್ಕವೂ ಹೀಗೆಯೇ. ಎಲ್ಲಕ್ಕಿಂತ ದೂರವಿರಬೇಕಾದ ಜಾಗ ಹೊಳೆ ಕಡಲಿಗೆ ಸೇರುವ ಅಳಿವೆ. ಕೋಡಿ ಬೆಂಗ್ರೆ, ಗಂಗೊಳ್ಳಿ, ಹೊನ್ನಾವರ, ತದಡಿ, ಈ ಅಳಿವೆಗಳೆಲ್ಲ ನೋಡಲು ಬಹಳ ಸುಂದರ. ಒಂದು ಕಡೆ ಹಿನ್ನೀರು ಕನ್ನಡಿಯಂತಿರುತ್ತದೆ, ಇನ್ನೊಂದು ಕಡೆ ಕಡಲು ಮೊರೆಯುತ್ತಿರುತ್ತದೆ. ಆದರೆ ಇಳಿತದ ಹೊತ್ತಿನಲ್ಲಿ ಹೊಳೆಯ ನೀರೂ ಉಬ್ಬರದಲ್ಲಿ ಒಳಬಂದ ನೀರೂ ಕೂಡಿ ಆ ಕಿರಿದಾದ ಬಾಗಿಲಿನಿಂದ ರಭಸವಾಗಿ ಹೊರಡುತ್ತವೆ, ಕಾಲಡಿಯ ಮರಳು ದಿನದಿಂದ ದಿನಕ್ಕೆ ಜಾಗ ಬದಲಿಸುತ್ತದೆ. ಅವ್ವ ಹೇಳುವ ಅಮಾವಾಸ್ಯೆ, ಹುಣ್ಣಿಮೆಯ ಎಚ್ಚರಿಕೆ ಅಕ್ಷರಶಃ ಸಲ್ಲುವುದು ಇಲ್ಲಿ. ಅಳಿವೆಯನ್ನು ಕಣ್ತುಂಬ ನೋಡಿ, ನೀರಿಗೆ ಇಳಿಯಬೇಡಿ. ಗೋಕರ್ಣದ ಓಂ ಬೀಚಿನ ಪಾಚಿಗಟ್ಟಿದ ಬಂಡೆಗಳ ತುದಿಗೆ ಫೋಟೋಗಾಗಿ ಹೋಗುವುದೂ ಅಷ್ಟೇ ಅಪಾಯಕಾರಿ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಹತ್ತು ಸಣ್ಣ ಅಲೆ ನೋಡಿ ಧೈರ್ಯ ತಂದುಕೊಂಡವರನ್ನು ಹಿಂದೆ ಬರುವ ಮೂರು ದೊಡ್ಡ ಅಲೆಗಳು ಬೀಳಿಸುತ್ತವೆ.

ತಿಂಗಳಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ನೀವು ಪಟ್ಟಿ ಮಾಡಿದ ಮೂರೂ ಸಮಯಗಳಿಗಿಂತ ನವೆಂಬರ್ ಮಧ್ಯದಿಂದ ಫೆಬ್ರುವರಿವರೆಗಿನ ಅವಧಿ ಮೇಲು. ಮೇ ಕೊನೆಯಲ್ಲಿ ಸೆಕೆ ವಿಪರೀತ, ನಿಮ್ಮ ಅವ್ವನಿಗೆ ಅದೇ ದೊಡ್ಡ ಹಿಂಸೆ. ಅದಕ್ಕಿಂತ ಮುಖ್ಯವಾಗಿ, ಮುಂಗಾರಿಗೆ ಮುನ್ನ, ಏಪ್ರಿಲ್-ಮೇ ತಿಂಗಳುಗಳಲ್ಲಿ, ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಸಾವಿರಾರು ಕಿಲೋಮೀಟರ್ ದೂರ ಎದ್ದ ಉಬ್ಬಲೆಗಳು ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ನುಗ್ಗುವುದುಂಟು. ಹೈದರಾಬಾದಿನಲ್ಲಿರುವ ಇಂಕಾಯಿಸ್ ಎಂಬ ಕೇಂದ್ರ ಸರ್ಕಾರದ ಸಂಸ್ಥೆ ಇಂತಹ ಅಲೆಗಳ ಬಗ್ಗೆ ಜಿಲ್ಲಾವಾರು ಮುನ್ನೆಚ್ಚರಿಕೆ ಹೊರಡಿಸುತ್ತದೆ. ಹೋಗುವ ದಿನ ಅದನ್ನು ನೋಡುವುದು ಒಳ್ಳೆಯ ರೂಢಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಪ್ರಶ್ನೆಯೇ ಇಲ್ಲ. ಮಳೆಗಾಲದ ಕಡಲು ನೋಡಲೇಬೇಕಾದದ್ದು ಎಂಬುದನ್ನು ನಾನೂ ಒಪ್ಪುತ್ತೇನೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ ತುಂಬಿ ಹರಿಯುವುದು, ಇನ್ನೊಂದು ಬದಿಗೆ ಕೆಂಪುಮಿಶ್ರಿತ ಬೂದುಬಣ್ಣದ ಅಲೆಗಳು ಕಲ್ಲಿಗೆ ಅಪ್ಪಳಿಸುವುದು ಮರೆಯುವಂತಹ ನೋಟವಲ್ಲ. ಆದರೆ ಮೊದಲ ಬಾರಿ ಕಡಲು ಕಾಣುವ ಮಕ್ಕಳನ್ನು ನಾಲ್ಕು ದಿನವೂ ಕೈಹಿಡಿದು ದೂರ ನಿಲ್ಲಿಸುವುದು ಅವರಿಗೂ ಶಿಕ್ಷೆ, ನಿಮಗೂ ಶಿಕ್ಷೆ. ಆ ದಿನಗಳಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳೂ ಇರುವುದಿಲ್ಲ. ರಸ್ತೆಯ ಅಪಾಯ ಬೇರೆ: 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿಯ ಮೇಲೆ ಬಿದ್ದು ಹಲವರು ಪ್ರಾಣ ಕಳೆದುಕೊಂಡರು. ಘಟ್ಟದ ದಾರಿಗಳೂ ಮಳೆಯಲ್ಲಿ ಆಗಾಗ ಮುಚ್ಚುತ್ತವೆ.

ದಸರಾ ರಜೆ ನಡುವಿನ ದಾರಿ. ಹಸಿರು ಇರುತ್ತದೆ, ಸೆಕೆ ತಡೆಯುವಂತಿರುತ್ತದೆ, ಕಡಲು ನಿಧಾನವಾಗಿ ತಣಿಯುತ್ತಿರುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳುವ ಸಂಭವವಿದೆ; 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಚಂಡಮಾರುತ ಬಂದಾಗ ನಮ್ಮ ತೀರವೆಲ್ಲ ಅಲ್ಲೋಲಕಲ್ಲೋಲವಾಗಿತ್ತು. ಶಾಲೆಯ ರಜೆಯೇ ನಿಮಗೆ ಆಧಾರವಾದರೆ ದಸರಾ ರಜೆಯ ಕೊನೆಯ ದಿನಗಳನ್ನು ಆರಿಸಿ, ಕೊಠಡಿಯನ್ನು ರದ್ದು ಮಾಡುವ ಅವಕಾಶವಿಟ್ಟುಕೊಂಡು ಕಾಯ್ದಿರಿಸಿ. ಸಂಕ್ರಾಂತಿಯ ಜೊತೆ ಎರಡು ದಿನ ರಜೆ ಹಾಕಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ.

ತೀರದ ಆಯ್ಕೆ ಮಾಡುವಾಗ ನಿಮ್ಮ ದಾರಿಯೇ ಅನುಕೂಲಕರವಾಗಿದೆ. ಹಾವೇರಿಯಿಂದ ಶಿರಸಿ, ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಇಳಿದರೆ ಗೋಕರ್ಣದಿಂದ ತೊಡಗಿ ದಕ್ಷಿಣಕ್ಕೆ ಸಾಗಬಹುದು. ಮಕ್ಕಳನ್ನು ನೀರಿಗೆ ಬಿಡುವುದಕ್ಕೆ ನಾನು ಸೂಚಿಸುವುದು ಹೊನ್ನಾವರದ ಬಳಿಯ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಮಲ್ಪೆ. ಮೊದಲೆರಡಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಮತ್ತು ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ದೊರೆತಿದೆ. ಅದಕ್ಕೆ ಬೇಕಾದ ಅರ್ಹತೆಗಳಲ್ಲಿ ಜೀವರಕ್ಷಕರು, ಈಜುವ ಜಾಗದ ಗುರುತು, ಶೌಚಾಲಯ, ನೀರಿನ ಶುದ್ಧತೆಯ ಪರೀಕ್ಷೆ ಸೇರಿವೆ. ಕೆಂಪು-ಹಳದಿ ಬಣ್ಣದ ಎರಡು ಬಾವುಟಗಳ ನಡುವಿನ ಜಾಗವನ್ನು ಜೀವರಕ್ಷಕರು ಗಮನಿಸುತ್ತಿರುತ್ತಾರೆ. ಪೂರ್ತಿ ಕೆಂಪು ಬಾವುಟವಿದ್ದರೆ ಆ ದಿನ ಇಳಿಯಬಾರದು. ಮುರುಡೇಶ್ವರದಲ್ಲಿ ದೇವಸ್ಥಾನ, ರಾಜಗೋಪುರ ನೋಡಿ, ಸ್ನಾನವನ್ನು ಬೇರೆ ಕಡೆಗೆ ಇಟ್ಟುಕೊಳ್ಳಿ. ಮರವಂತೆಯ ದಡ ಕಡಿದಾಗಿದೆ, ಕಲ್ಲುಗಳಿವೆ. ಅದು ನೋಡುವ ತೀರ. ಸೇಂಟ್ ಮೇರೀಸ್ ದ್ವೀಪಕ್ಕೆ ಬೆಳಗಿನ ದೋಣಿಯಲ್ಲಿ ಹೋಗಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ತಣಿದು ಕಂಬಕಂಬವಾಗಿ ಸೀಳಿದ ಆ ಬಂಡೆಗಳನ್ನು ನಿಮ್ಮ ಮಗಳು ವಿಜ್ಞಾನದ ಪಾಠದ ಜೊತೆಗಿಟ್ಟು ನೋಡಲಿ. ದೋಣಿ ಏರಿಳಿಯುವಾಗ ಅವ್ವನಿಗೆ ಇಬ್ಬರ ಆಸರೆ ಬೇಕು. ಮಂಡಿನೋವಿದ್ದರೆ ಅವರು ಮಲ್ಪೆಯ ದಡದಲ್ಲೇ ಉಳಿಯುವುದು ಒಳಿತು.

ಹೊತ್ತು ಬೆಳಗ್ಗೆ ಏಳರಿಂದ ಹತ್ತರ ಒಳಗಿರಲಿ. ಚಳಿಗಾಲದಲ್ಲಿ ಮಧ್ಯಾಹ್ನವಾಗುತ್ತಿದ್ದಂತೆ ಕಡಲಗಾಳಿ ಎದ್ದು ಅಲೆಗಳು ಹೆಚ್ಚುತ್ತವೆ. ಬೆಳಗಿನ ಶಾಂತ ನೀರಿಗೂ ಒಂದು ಅಪಾಯವುಂಟು: ಆಗ ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತಿರುತ್ತದೆ. ಅಂಗಡಿಗಳಲ್ಲಿ ಸಿಗುವ ಗಾಳಿ ತುಂಬಿದ ಟ್ಯೂಬು, ಆಟಿಕೆಗಳ ಮೇಲೆ ಕೂತ ಮಗುವನ್ನು ಆ ಗಾಳಿ ಸದ್ದಿಲ್ಲದೆ ಹೊರಕ್ಕೆ ತಳ್ಳುತ್ತದೆ. ಅವನ್ನು ಕೊಳ್ಳಲೇಬೇಡಿ. ಮಗ ನೀರಿನಲ್ಲಿದ್ದಾಗ ಕೈಚಾಚಿದರೆ ಸಿಗುವಷ್ಟು ಹತ್ತಿರ, ಅವನಿಗಿಂತ ಕಡಲಿನ ಕಡೆಗೆ, ಒಬ್ಬ ದೊಡ್ಡವರು ನಿಂತಿರಬೇಕು. ಇನ್ನೊಬ್ಬರು ದಡದಲ್ಲಿ ಮೊಬೈಲ್ ಚೀಲದಲ್ಲಿಟ್ಟು ಬರೀ ನೋಡುತ್ತಿರಬೇಕು. ಎಲ್ಲರೂ ಇದ್ದಾರಲ್ಲ ಎಂಬ ಭರವಸೆಯಲ್ಲಿ ಯಾರೂ ನೋಡದೆ ಉಳಿಯುವ ಆ ಎರಡು ನಿಮಿಷಗಳಲ್ಲೇ ಅನಾಹುತಗಳಾಗುತ್ತವೆ.

ಯಾರಾದರೂ ಸೆಳೆತಕ್ಕೆ ಸಿಕ್ಕರೆ ಹಿಂದೆಯೇ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಇಬ್ಬರು, ಮೂವರು ಹೋದದ್ದನ್ನು ನಾನು ಕಂಡಿದ್ದೇನೆ. ಕೂಗಿ ಜೀವರಕ್ಷಕರನ್ನು ಕರೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನು, ಹಗ್ಗ, ಏನು ಸಿಕ್ಕರೂ ಎಸೆಯಿರಿ. 112ಕ್ಕೆ ಕರೆ ಮಾಡಿ. ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಕೋಸ್ಟ್ ಗಾರ್ಡ್‌ನದು 1554. ದಡಕ್ಕೆ ತಂದವರ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗು ಮಾಡಿ ಎತ್ತುವುದು ಈಗಲೂ ನಡೆಯುತ್ತಿದೆ, ಎರಡೂ ತಪ್ಪು. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ, ಅಮೂಲ್ಯ ನಿಮಿಷಗಳೂ ಹಾಳಾಗುತ್ತವೆ. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, 30 ಬಾರಿ ಎದೆ ಒತ್ತಿ 2 ಬಾರಿ ಉಸಿರು ಕೊಡುವ ಕ್ರಮವನ್ನು ನೆರವು ಬರುವವರೆಗೆ ಬಿಡದೆ ಮುಂದುವರಿಸಬೇಕು. ನೀರು ಕುಡಿದು ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ತೋರಿಸಲೇಬೇಕು, ಏಕೆಂದರೆ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರ ತಲೆದೋರಬಹುದು.

ಮೀನಿನ ಬಗ್ಗೆ ಹೇಳುವುದಾದರೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದೆ. ಹಲವು ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ ಅದು. ನಾಡದೋಣಿಯವರು ಕಡಲು ಬಿಟ್ಟುಕೊಟ್ಟ ದಿನಗಳಲ್ಲಿ ಹತ್ತಿರದ ನೀರಿನಲ್ಲಿ ಬಲೆ ಹಾಕುತ್ತಾರೆ, ಆಗಿನ ಸಿಗಡಿಗೆ ವಿಶೇಷ ರುಚಿ. ಹಿನ್ನೀರಿನ ಮೀನು, ಮರವಾಯಿ ಎಂಬ ಚಿಪ್ಪುಮೀನು ಸಿಗುತ್ತವೆ, ಪೂರ್ವ ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬರುವ ಮೀನೂ ಇರುತ್ತದೆ. ಮಂಜುಗಡ್ಡೆಯಲ್ಲಿಟ್ಟ ಮೀನು ಕೆಟ್ಟ ಮೀನೆಂದು ತಿಳಿಯಬೇಡಿ. ಬಿಸಿಲಿಗೆ ಬಿಟ್ಟ ಇಂದಿನ ಮೀನಿಗಿಂತ ಅದೇ ಎಷ್ಟೋ ಮೇಲು. ಬಂಗುಡೆಯಂತಹ ಮೀನನ್ನು ತಂಪಿಲ್ಲದೆ ಗಂಟೆಗಟ್ಟಲೆ ಇಟ್ಟರೆ ಅದರಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂತಹ ತೊಂದರೆ ತರುವ ರಾಸಾಯನಿಕ ಹೆಚ್ಚಾಗುತ್ತದೆ, ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸಿದರೆ ವೈದ್ಯರಿಗೆ ಮೀನು ತಿಂದದ್ದನ್ನು ತಪ್ಪದೆ ಹೇಳಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು. ರಕ್ತದೊತ್ತಡ ಇರುವ ಹಿರಿಯರಿಗೆ ಒಣಮೀನಿನ ಉಪ್ಪು ಒಳ್ಳೆಯದಲ್ಲ.

ಇನ್ನು ಮೀನುಗಾರರ ಊರಿನಲ್ಲಿ ಉಳಿಯುವುದು. ನಿಮ್ಮ ಈ ಆಸೆ ನನಗೆ ಬಹಳ ಇಷ್ಟವಾಯಿತು. ಮೊಗವೀರರು, ಖಾರ್ವಿಗಳು, ಹರಿಕಂತರು ತಲೆತಲಾಂತರದಿಂದ ಬದುಕಿರುವ ಆ ಊರುಗಳಲ್ಲಿ ಮರಳದಂಡೆ ವಿಹಾರದ ಜಾಗವಾಗುವ ಮೊದಲು ಕೆಲಸದ ಜಾಗ. ಹರಡಿದ ಬಲೆಯನ್ನು ತುಳಿದರೆ ಎಳೆ ಹರಿಯುತ್ತದೆ, ಒಣಗಲು ಹಾಕಿದ ಮೀನಿನ ಮೇಲೆ ಮರಳು ಹಾರಿಸಿದರೆ ಒಂದು ಮನೆಯ ದುಡಿಮೆ ಹೋಗುತ್ತದೆ. ದೋಣಿಗಳ ಮೇಲೆ ಹತ್ತಿ ಫೋಟೋ ತೆಗೆಯುವ ಮುನ್ನ ಕೇಳಬೇಕು. ಮೀನು ಮಾರುವ ಹೆಂಗಸರ ಫೋಟೋ ತೆಗೆಯುವಾಗಲಂತೂ ಕೇಳಲೇಬೇಕು. ರಾತ್ರಿಯಿಡೀ ಕಡಲಲ್ಲಿದ್ದವರು ಹಗಲು ಮಲಗಿರುತ್ತಾರೆ, ಮಧ್ಯಾಹ್ನ ಅಂಗಳದಲ್ಲಿ ಗದ್ದಲ ಬೇಡ. ಬೆಳಗ್ಗೆ ಕೈರಂಪಣಿ, ಅಂದರೆ ದಡದಲ್ಲೇ ನಿಂತು ಹಲವರು ಕೂಡಿ ಎಳೆಯುವ ದೊಡ್ಡ ಬಲೆ, ಎಳೆಯುವುದು ಕಂಡರೆ ಹತ್ತಿರ ಹೋಗಿ ವಿನಯದಿಂದ ಕೇಳಿ. ಹಗ್ಗಕ್ಕೆ ಕೈಹಚ್ಚಲು ಮಕ್ಕಳನ್ನು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಬಲೆಯಿಂದ ಹೊರಬಿದ್ದ ಲೋಳೆಮೀನು (ಜೆಲ್ಲಿಫಿಶ್), ಹಾವುಗಳನ್ನು ಮಾತ್ರ ಮುಟ್ಟಲು ಬಿಡಬೇಡಿ, ಕಡಲಹಾವು ವಿಷಪೂರಿತ. ಲೋಳೆಮೀನು ತಾಗಿ ಉರಿ ಎದ್ದರೆ ಉಜ್ಜದೆ ಕಡಲ ನೀರಿನಲ್ಲೇ ತೊಳೆದು, ಸಹಿಸುವಷ್ಟು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿ ಹಿಡಿಯಿರಿ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಂತಹ ಊರಿನಲ್ಲಿ ಉಳಿಯುವುದರ ದೊಡ್ಡ ಲಾಭವೆಂದರೆ, ಬೆಳಗ್ಗೆ ಎದ್ದು ಮನೆಯವರನ್ನು ಇವತ್ತು ಕಡಲು ಹೇಗಿದೆ ಎಂದು ಕೇಳಬಹುದು. ಅವರು ಬೇಡವೆಂದರೆ ಕಾರಣ ಕೇಳದೆ ಒಪ್ಪಿಕೊಳ್ಳಿ. ಸಣ್ಣ ದೋಣಿಗಳು ಇಳಿಯದ ದಿನ ನೀವೂ ಇಳಿಯಬೇಡಿ. ದೋಣಿ ಇಳಿದಿದೆ ಎಂದ ಮಾತ್ರಕ್ಕೆ ಸ್ನಾನಕ್ಕೆ ಯೋಗ್ಯವೆಂದು ತಿಳಿಯುವುದೂ ತಪ್ಪು, ಏಕೆಂದರೆ ಮೀನುಗಾರರು ದೋಣಿ ನೂಕಲು ಆರಿಸುವುದು ಎಷ್ಟೋ ಸಲ ಅಲೆ ಒಡೆಯದ ಆ ಓಣಿಯನ್ನೇ; ಹೊರಗೆ ಓಡುವ ನೀರು ಅವರಿಗೆ ಅನುಕೂಲ, ನಿಮ್ಮ ಮಕ್ಕಳಿಗೆ ಅಪಾಯ.

ಹೊರಡುವ ಮೊದಲು ಒಂದು ಕೆಲಸ ಮಾಡಿ. ರಾಣೆಬೆನ್ನೂರು ಅಥವಾ ಹಾವೇರಿಯಲ್ಲಿ ಈಜುಕೊಳ ಸಿಕ್ಕರೆ ನಾಲ್ಕಾರು ದಿನ ಮಕ್ಕಳಿಬ್ಬರನ್ನೂ ಕರೆದೊಯ್ದು, ಈಜು ಬರದಿದ್ದರೂ ಸರಿ, ಅಂಗಾತ ತೇಲುವುದನ್ನು ಕಲಿಸಿ. ಕಲಿಸುವ ಹೊಣೆಯನ್ನು ನಿಮ್ಮ ತಮ್ಮನಿಗೇ ಒಪ್ಪಿಸಿ, ಕಡಲಿನಲ್ಲಿ ಎಂಟು ವರ್ಷದ ಮಗನ ಪಕ್ಕ ನಿಲ್ಲುವವರೂ ಅವರೇ ಆಗಲಿ.